ಕಟಿಂಗ್ ಮುಗಿಸಿದವರು ಗೇನರ್ ಡಬ್ಬಿ ತೆರೆಯುವ ಮುನ್ನ

ಕಳೆದ ವರ್ಷ ನಾಲ್ಕು ತಿಂಗಳು ಕಟಿಂಗ್ ಮಾಡಿ, ಅಂದರೆ ಕೊಬ್ಬು ಇಳಿಸಲೆಂದು ಊಟ ಕಡಿಮೆ ಮಾಡಿ, 82 ಕಿಲೋದಿಂದ 72ಕ್ಕೆ ಇಳಿದಿದ್ದ ನಾನು, ಮುಂದಿನ ಹತ್ತೇ ವಾರಗಳಲ್ಲಿ ಆ ದುಡಿಮೆಯನ್ನೆಲ್ಲ ಹೇಗೆ ಕಳೆದುಕೊಂಡೆನೆಂಬುದನ್ನು, ಇದೇ ಹಾದಿಯಲ್ಲಿರುವವರು ತಿಳಿಯಲೆಂದು ಬರೆಯುತ್ತಿದ್ದೇನೆ.

ಬಾಗಲಕೋಟೆಯಲ್ಲಿ ನಾನು ಹೋಗುತ್ತಿದ್ದ ಜಿಮ್ಮಿನ ತರಬೇತುದಾರರು, "ಈಗ ದೇಹ ಹಸದೈತಿ, ಉಂಡದ್ದೆಲ್ಲಾ ಮಸಲ್ ಆಗತೈತಿ, ಪೈಲ್ವಾನರು ಹಾಲು, ತುಪ್ಪ ಲೆಕ್ಕಾ ಹಾಕಿ ತಿಂತಾರೇನು?" ಎಂದು ಹೇಳಿ, ತಾವೇ ಮಾರುತ್ತಿದ್ದ ಮಾಸ್ ಗೇನರ್, ಅಂದರೆ ಹಾಲಿಗೆ ಬೆರೆಸಿ ಕುಡಿಯುವ ತೂಕ ಏರಿಸುವ ಪುಡಿಯ, ಡಬ್ಬಿಯನ್ನು ಕೈಗಿತ್ತರು. ಗರಡಿಯಲ್ಲಿ ಎರಡು ಹೊತ್ತು ಸಾಮು ತೆಗೆಯುವ ಪೈಲ್ವಾನನಿಗೂ, ಎಂಟು ತಾಸು ಕುರ್ಚಿಯಲ್ಲಿ ಕೂತು ಒಂದು ತಾಸು ಭಾರ ಎತ್ತುವ ನನಗೂ ಇರುವ ಅಂತರ ಆಗ ಹೊಳೆಯಲಿಲ್ಲ. ಡಬ್ಬಿಯ ಹಿಂಬದಿಯನ್ನು ಓದಿದ್ದರೆ, ಅದರ ಮೊದಲ ಸಾಮಗ್ರಿಯೇ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ರಕ್ತದಲ್ಲಿ ಬೇಗನೆ ಸಕ್ಕರೆಯಾಗುವ ಪಿಷ್ಟದ ಪುಡಿ, ಎಂಬುದಾದರೂ ಗೊತ್ತಾಗುತ್ತಿತ್ತು.

ಮೊದಲ ವಾರವೇ ಎರಡು ಕಿಲೋ ಏರಿತು. ನಾನು ಮೋಸಹೋದದ್ದು ಇಲ್ಲಿಯೇ. ಕಟಿಂಗಿನಲ್ಲಿ ಬರಿದಾದ ಸ್ನಾಯುಗಳು ಮತ್ತೆ ಗ್ಲೈಕೋಜನ್, ಅಂದರೆ ದೇಹ ಕೂಡಿಡುವ ಸಕ್ಕರೆಯ ದಾಸ್ತಾನನ್ನು, ತುಂಬಿಕೊಳ್ಳುವಾಗ, ಅದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಮ್ ನೀರನ್ನೂ ಹಿಡಿದಿಡುತ್ತವೆ. ಆ ನೀರನ್ನೇ ಸ್ನಾಯುವೆಂದು ಎಣಿಸಿ ಇನ್ನಷ್ಟು ತಿಂದೆ. ಸೊರಗಿದ ಮಗ ಉಣ್ಣತೊಡಗಿದನೆಂಬ ಸಂತೋಷಕ್ಕೆ ಅವ್ವ ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಗೆ ಧಾರಾಳವಾಗಿ ಎಣ್ಣೆ ಸುರಿದಳು, ಅಮೀನಗಡದ ಕರದಂಟು ಮನೆಯಲ್ಲಿ ತೀರಲೇ ಇಲ್ಲ. ದೀರ್ಘ ಪಥ್ಯದ ನಂತರ ಹಸಿವನ್ನು ತಡೆಯುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗಿರುವುದರಿಂದ ಹೊಟ್ಟೆ ಸಾಕೆನ್ನುವುದೇ ಇಲ್ಲ. ಅಂಥ ಹಸಿವನ್ನು ನಂಬಿ ಉಂಡದ್ದು ನನ್ನ ಎರಡನೆಯ ತಪ್ಪು.

ಹತ್ತನೆಯ ವಾರಕ್ಕೆ ತೂಕ 81 ಕಿಲೋ ಆಗಿತ್ತು, ಸೊಂಟ 32 ಇಂಚಿನಿಂದ 36ಕ್ಕೆ ಹೋಗಿತ್ತು, ಬೆಂಚ್ ಪ್ರೆಸ್ಸಿನಲ್ಲಿ, ಅಂದರೆ ಮಲಗಿ ಎದೆಯ ಮೇಲಿಂದ ಎತ್ತುವ ಭಾರದಲ್ಲಿ, ಹೆಚ್ಚಿದ್ದು ಮಾತ್ರ 5 ಕಿಲೋ. ತರಬೇತುದಾರರನ್ನು ಕೇಳಿದರೆ, "ಮತ್ತ ಕಟಿಂಗ್ ಮಾಡೂಣು" ಎಂದು ಕೊಬ್ಬು ಕರಗಿಸುವ ಮಾತ್ರೆಗಳ ಇನ್ನೊಂದು ಡಬ್ಬಿ ತೋರಿಸಿದರು. ಆ ದಿನವೇ ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಆಮೇಲೆ ಆಹಾರತಜ್ಞರೊಬ್ಬರು ಕೊಟ್ಟ ಲೆಕ್ಕ ಸರಳವಾಗಿತ್ತು: ದಿನದ ಖರ್ಚಿಗಿಂತ 200ರಿಂದ 300 ಕ್ಯಾಲೊರಿ ಮಾತ್ರ ಹೆಚ್ಚು, ದೇಹತೂಕದ ಪ್ರತಿ ಕಿಲೋಗೆ 1.6ರಿಂದ 2.2 ಗ್ರಾಮ್ ಪ್ರೋಟೀನ್, ಮೊದಲೆರಡು ವಾರದ ನೀರಿನ ತೂಕ ಬಿಟ್ಟರೆ ತಿಂಗಳಿಗೆ ಒಂದು ಕಿಲೋದ ಆಸುಪಾಸಿನ ಏರಿಕೆ. ನಾನು ಕುಡಿಯುತ್ತಿದ್ದ ಒಂದು ಲೋಟ ಗೇನರ್ ಹಾಲೇ ಆ ಹೆಚ್ಚುವರಿ ಕ್ಯಾಲೊರಿಯ ಮಿತಿಯನ್ನು ಎರಡು ಪಟ್ಟು ಮೀರುತ್ತಿತ್ತು. ಮತ್ತೆ 75ಕ್ಕೆ ಇಳಿದಿರುವ ನಾನು ಈಗ ರವಿವಾರ ಮುಂಜಾನೆ ತೂಕದೊಡನೆ ಸೊಂಟವನ್ನೂ ಅಳೆಯುತ್ತೇನೆ, ಟೇಪು ಮುಂದೆ ಸರಿದ ವಾರ ಒಂದು ರೊಟ್ಟಿ ಕಡಿಮೆ ಉಣ್ಣುತ್ತೇನೆ; ಅವ್ವನಿಗೆ ಮಾತ್ರ ಇದು ಇನ್ನೂ ಒಪ್ಪಿಗೆಯಾಗಿಲ್ಲ.