ಬ್ಯಾಕಪ್ ಇತ್ತು, ತೆರೆಯಲು ದಾರಿ ಇರಲಿಲ್ಲ: ರಿಜಿಸ್ಟ್ರಿ ರಿಪೇರಿ ಟೂಲ್‌ಗಳ ಬಗ್ಗೆ ಎಚ್ಚರ

ವಿಂಡೋಸ್ ರಿಜಿಸ್ಟ್ರಿಯನ್ನು (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಇಟ್ಟುಕೊಳ್ಳುವ ಜಾಗ) ಒಂದೇ ಕ್ಲಿಕ್‌ನಲ್ಲಿ ಸರಿಮಾಡುತ್ತೇವೆ ಎನ್ನುವ ಉಚಿತ ಟೂಲ್ ಹಾಕಿಕೊಳ್ಳುವ ಯೋಚನೆ ಇದ್ದರೆ, ಮೊದಲು ಇದನ್ನು ಓದಿಬಿಡಿ. ಟೂಲ್‌ನ ಹೆಸರು ಹೇಳುವುದಿಲ್ಲ. ಹೆಸರು ಬದಲಾಯಿಸಿಕೊಂಡು ಇಂಥವು ಬರುತ್ತಲೇ ಇರುತ್ತವೆ.

ಹಳೆಯ ಸಿಡಿ ಬರೆಯುವ ಸಾಫ್ಟ್‌ವೇರ್ ಒಂದನ್ನು ತೆಗೆದುಹಾಕಿದ ಮೇಲೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವ್ ಕಾಣದಾಯಿತು. ಇದು ಹಳೇ ಕಾಯಿಲೆ. ರಿಜಿಸ್ಟ್ರಿಯಲ್ಲಿ ಡ್ರೈವ್‌ಗೆ ಸಂಬಂಧಿಸಿದ ಕೀ (ಫೋಲ್ಡರ್ ಇದ್ದಂತೆ) ಒಳಗೆ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ವ್ಯಾಲ್ಯೂಗಳು, ಅಂದರೆ ಸೆಟ್ಟಿಂಗ್‌ಗಳು, ಉಳಿದುಬಿಟ್ಟಿರುತ್ತವೆ. ಅವನ್ನು ಅಳಿಸಿದರೆ ಸಾಮಾನ್ಯವಾಗಿ ಡ್ರೈವ್ ವಾಪಸ್ ಬರುತ್ತದೆ. ಟೂಲ್ ಅದನ್ನೇ ಮಾಡಿತು, ಆದರೆ ಅಲ್ಲಿಗೆ ನಿಲ್ಲಲಿಲ್ಲ. ಅಪ್ಪರ್‌ಫಿಲ್ಟರ್ಸ್ ಎಂಬ ವ್ಯಾಲ್ಯೂ ಕೀಬೋರ್ಡ್ ಮತ್ತು ಮೌಸ್‌ನ ಕೀಗಳಲ್ಲೂ ಇರುತ್ತದೆ, ಅಲ್ಲಿ ಅದು ಬೇಕೇ ಬೇಕು. ಡಿವಿಡಿಯ ಕೀ 4ಡಿ36ಇ965 ಎಂದು ಶುರುವಾದರೆ ಕೀಬೋರ್ಡ್‌ನದು 4ಡಿ36ಇ96ಬಿ, ಮೌಸ್‌ನದು 4ಡಿ36ಇ96ಎಫ್. ಅಷ್ಟುದ್ದದ ಕೋಡ್‌ನಲ್ಲಿ ವ್ಯತ್ಯಾಸ ಒಂದೇ ಒಂದು ಅಕ್ಷರ. ಟೂಲ್ ಮೂರೂ ಕೀಗಳಲ್ಲಿದ್ದ ಆ ವ್ಯಾಲ್ಯೂಗಳನ್ನು ಕಸ ಅಂತ ಗುಡಿಸಿ ಹಾಕಿತ್ತು.

ರೀಸ್ಟಾರ್ಟ್ ಆದ ಮೇಲೆ ಲಾಗಿನ್ ಪರದೆ ಬಂತು. ಪಾಸ್‌ವರ್ಡ್ ಒತ್ತಿದರೆ ಒಂದಕ್ಷರವೂ ಮೂಡಲಿಲ್ಲ. ಟಚ್‌ಪ್ಯಾಡ್ ಕೂಡ ಸತ್ತಿತ್ತು. ಹೊರಗಿನ ಯುಎಸ್‌ಬಿ ಕೀಬೋರ್ಡ್ ಚುಚ್ಚಿದರೂ ಅಷ್ಟೇ. ಎಲ್ಲ ಕೀಬೋರ್ಡ್‌ಗಳೂ ಅದೇ ರಿಜಿಸ್ಟ್ರಿ ಕೀ ಮೂಲಕವೇ ಬರಬೇಕಲ್ಲ!

"ಬ್ಯಾಕಪ್ ತೆಗೆದುಕೊಂಡಿದ್ದೇವೆ" ಎಂದು ಟೂಲ್ ಹಸಿರು ಗುರುತು ತೋರಿಸಿತ್ತು. ಸುಳ್ಳಲ್ಲ, ತೆಗೆದುಕೊಂಡಿತ್ತು. ಆದರೆ ಅದರದೇ ಫಾರ್ಮ್ಯಾಟ್‌ನಲ್ಲಿ, ನನ್ನ ಯೂಸರ್ ಫೋಲ್ಡರ್ ಒಳಗೆ. ಅದನ್ನು ತೆರೆಯಲು ಆ ಟೂಲೇ ಬೇಕು, ಟೂಲ್ ಓಡಲು ವಿಂಡೋಸ್ ಒಳಗೆ ಹೋಗಬೇಕು, ಒಳಗೆ ಹೋಗಲು ಪಾಸ್‌ವರ್ಡ್ ಒತ್ತಬೇಕು. ಇಂಥ ಬ್ಯಾಕಪ್ ಇದ್ದೇನು ಪ್ರಯೋಜನ?

ಬೂಟ್ ಆಗುವಾಗ ಪವರ್ ಬಟನ್ ಒತ್ತಿ ಹಿಡಿದು ಕೆಲವು ಸಲ ಆಫ್ ಮಾಡಿದ ಮೇಲೆ ರಿಕವರಿ ಪರದೆ ಬಂತು. ಅದು ಬೇರೆಯದೇ ಪುಟ್ಟ ವಿಂಡೋಸ್, ಅಲ್ಲಿ ಕೀಬೋರ್ಡ್ ಕೆಲಸ ಮಾಡುತ್ತದೆ. ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರ್ ನೋಡಿದೆ, ಒಂದೂ ರಿಸ್ಟೋರ್ ಪಾಯಿಂಟ್ ಇಲ್ಲ. ಸಿಸ್ಟಮ್32 ಒಳಗಿನ ಕಾನ್ಫಿಗ್ ಫೋಲ್ಡರ್‌ನಲ್ಲಿ ರೆಗ್‌ಬ್ಯಾಕ್ ಎಂಬ ರಿಜಿಸ್ಟ್ರಿ ಬ್ಯಾಕಪ್ ಫೋಲ್ಡರ್ ಇತ್ತು, ಫೈಲ್‌ಗಳ ಗಾತ್ರ ಮಾತ್ರ ಸೊನ್ನೆ. ವಿಂಡೋಸ್ 10ರ 1803 ಆವೃತ್ತಿಯಿಂದ ಮೈಕ್ರೋಸಾಫ್ಟ್ ಆ ಬ್ಯಾಕಪ್ಪನ್ನು ತಾನಾಗಿ ತೆಗೆಯುವುದನ್ನು ನಿಲ್ಲಿಸಿದೆ. ಹಳೆಯ ಸಲಹೆಗಳಲ್ಲಿ ಈಗಲೂ "ರೆಗ್‌ಬ್ಯಾಕ್‌ನಿಂದ ಕಾಪಿ ಮಾಡಿ" ಅಂತಲೇ ಇರುತ್ತದೆ. ನಂಬಿ ಖಾಲಿ ಫೈಲ್ ಕಾಪಿ ಮಾಡಿದಿರೋ, ಇದ್ದ ರಿಜಿಸ್ಟ್ರಿಯೂ ಹೋಯಿತು.

ಕೊನೆಗೆ ಕೈಗೆ ಬಂದದ್ದು ರಿಜಿಸ್ಟ್ರಿ ತಿದ್ದಲು ಇರುವ ವಿಂಡೋಸ್‌ನದೇ ರೆಜ್‌ಎಡಿಟ್. ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದನ್ನು ತೆರೆದು, ಲೋಡ್ ಹೈವ್ (ಹೈವ್ ಎಂದರೆ ರಿಜಿಸ್ಟ್ರಿಯ ಒಂದು ಭಾಗ ಇರುವ ಫೈಲ್) ಮೂಲಕ ನನ್ನ ವಿಂಡೋಸ್‌ನ ಸಿಸ್ಟಮ್ ಫೈಲ್ ಹಾಕಿಕೊಂಡೆ. ಇದನ್ನು ಮಾಡದಿದ್ದರೆ ನೀವು ತಿದ್ದುವುದು ರಿಕವರಿಯ ರಿಜಿಸ್ಟ್ರಿಯನ್ನೇ. ಡ್ರೈವ್ ಅಕ್ಷರವೂ ಅಲ್ಲಿ ಬೇರೆ ಇರಬಹುದು, ನೋಡಿಕೊಳ್ಳಿ. ಕೀಬೋರ್ಡ್‌ನ ಅಪ್ಪರ್‌ಫಿಲ್ಟರ್ಸ್‌ಗೆ ಕೆಬಿಡಿಕ್ಲಾಸ್, ಮೌಸ್‌ನದಕ್ಕೆ ಮೌಕ್ಲಾಸ್ ಎಂದು ಮಲ್ಟಿ ಸ್ಟ್ರಿಂಗ್ ಎಂಬ ಬಗೆಯ ವ್ಯಾಲ್ಯೂ ಆಗಿ ಬರೆದು, ಹೈವ್ ಅನ್‌ಲೋಡ್ ಮಾಡಿದ ಮೇಲೆ ಎಲ್ಲ ಸರಿಹೋಯಿತು.

ಕ್ಲೀನರ್‌ಗಳು ತೋರಿಸುವ ನೂರಾರು "ದೋಷ"ಗಳಿಗೆ ಹೆದರಬೇಡಿ. ವಿಂಡೋಸ್ ತನಗೆ ಬೇಕಾದ ಕೀಯನ್ನು ನೇರವಾಗಿ ಹುಡುಕುತ್ತದೆ. ಸುಮ್ನೆ ಉಳಿದ ಹಳೇ ಕೀಗಳಿಂದ ಕಂಪ್ಯೂಟರ್ ನಿಧಾನವಾಗುವುದಿಲ್ಲ. ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ.

ರಿಜಿಸ್ಟ್ರಿ ಮುಟ್ಟಲೇಬೇಕಾದರೆ ರೆಜ್‌ಎಡಿಟ್ ಸಾಕು. ಆದರೆ ಅದರಲ್ಲಿ ಸೇವ್ ಬಟನ್ ಇಲ್ಲ, ಅನ್‌ಡೂ ಇಲ್ಲ. ಹಾಗಾಗಿ ಮೊದಲು ರಿಸ್ಟೋರ್ ಪಾಯಿಂಟ್ ಮಾಡಿ, ಅದಕ್ಕೆ ಬೇಕಾದ ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ. ತಿದ್ದುವ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಆ ಫೈಲ್ ವಾಪಸ್ ಹಾಕಿದಾಗ ಹಳೆಯದನ್ನು ಸೇರಿಸುತ್ತದೆ ಅಷ್ಟೇ, ನಡುವೆ ಹೊಸದಾಗಿ ಬಂದದ್ದನ್ನು ಅಳಿಸುವುದಿಲ್ಲ. ಇಡೀ ಹೈವ್ ಬೇಕಾದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಗ್ ಸೇವ್ ಎಂಬ ಕಮಾಂಡ್ ಬಳಸಿ, ಪೆನ್‌ಡ್ರೈವ್‌ಗೆ ಹಾಕಿ. ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನೂ (ಬೀಗ ತೆರೆಯುವ ಉದ್ದದ ಸಂಖ್ಯೆ) ಬೇರೆ ಕಡೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ರಿಕವರಿ ಪರದೆಯಿಂದ ನಿಮ್ಮ ಡ್ರೈವ್ ತೆರೆಯುವುದೇ ಇಲ್ಲ.