ಒಂದೇ ಬೆಟ್ಟ: ಮೂರು ದಿನ ಸ್ಕೀ, ಮೂರು ದಿನ ಸ್ನೋಬೋರ್ಡ್

ಈ ಸಲ ಒಂದೇ ರೆಸಾರ್ಟಿನಲ್ಲಿ ಆರು ದಿನ ಇದ್ದೆ. ಮೂರು ದಿನ ಸ್ಕೀ (ಕಾಲಿಗೊಂದರಂತೆ ಎರಡು ಉದ್ದನೆಯ ಪಟ್ಟಿ), ಮೂರು ದಿನ ಸ್ನೋಬೋರ್ಡ್ (ಎರಡೂ ಕಾಲಿಗೆ ಒಂದೇ ಹಲಗೆ). ಬೇಕೆಂದೇ ಎರಡನ್ನೂ ಅದೇ ಇಳಿಜಾರುಗಳಲ್ಲಿ ಓಡಿಸಿದೆ. ಎರಡೂ ನನಗೆ ಒಂದು ಮಟ್ಟಿಗೆ ಬರುತ್ತವೆ. ಕೆಂಪು ಗುರುತಿನ, ಅಂದರೆ ಮಧ್ಯಮ ಮಟ್ಟದ, ದಾರಿಯಲ್ಲಿ ಧೈರ್ಯವಾಗಿ ಇಳಿಯುತ್ತೇನೆ, ತೀರಾ ಕಷ್ಟದ ದಾರಿಯ ಕಪ್ಪು ಗುರುತು ಕಂಡರೆ ಒಂದು ನಿಮಿಷ ನಿಂತು ನೋಡುತ್ತೇನೆ. ಆ ಮಟ್ಟದವರಿಗೇ ಈ ಹೋಲಿಕೆ.

ಮೊದಲು ಸಪಾಟು ಜಾಗ. ಇಳಿಜಾರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಬೋರ್ಡ್ ಹಾಕಿದವರ ದಿನ ಹಾಳಾಗುವುದು ಇಲ್ಲೇ. ಒಂದು ಲಿಫ್ಟಿನಿಂದ ಇನ್ನೊಂದಕ್ಕೆ ಹೋಗಲು ಬೆಟ್ಟದ ಮೈ ಬಳಸಿಕೊಂಡು ಸಾಗುವ ಕಿರಿದಾದ ದಾರಿ ಇರುತ್ತದಲ್ಲ, ಹೆಚ್ಚುಕಮ್ಮಿ ಮಟ್ಟಸವಾಗಿರುತ್ತದೆ. ಸ್ಕೀ ಇದ್ದರೆ ಎರಡು ಕೋಲು ಊರಿ ನೂಕಿಕೊಂಡು ಹೋದರಾಯಿತು. ಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ, ಕೈಯಲ್ಲಿ ಕೋಲಿಲ್ಲ, ವೇಗ ಕಳೆದುಕೊಂಡರೆ ಅಲ್ಲೇ ನಿಂತೆ. ನಾಲ್ಕನೇ ದಿನ ಹಾಗೇ ಆಯಿತು. ಹಿಂದಿನ ಕಾಲು ಬಿಚ್ಚಿ ತಳ್ಳಿಕೊಂಡು, ಸಾಕಾಗಿ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ಮೊಣಕಾಲವರೆಗೆ ಹೂತು ಹೋಗುವ ಹಿಮದ ಅಂಚಿನಲ್ಲಿ ನಡೆದೆ. ಹಿಂದಿನ ದಿನ ಸ್ಕೀಯಲ್ಲಿ ಬಂದಾಗ ಅಲ್ಲೊಂದು ಸಪಾಟು ಇದೆ ಅಂತಲೇ ಗೊತ್ತಾಗಿರಲಿಲ್ಲ.

ಬೆಳಿಗ್ಗೆ ಯಂತ್ರ ಓಡಿಸಿ ಗೆರೆಗೆರೆಯಾಗಿ ಬಾಚಿಟ್ಟ ಇಳಿಜಾರಿನಲ್ಲಿ ಎರಡೂ ಖುಷಿಯೇ. ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಮಾತ್ರ ಸ್ಕೀ ಗೆಲ್ಲುತ್ತದೆ. ಒಂದು ಕಾಲು ಜಾರಿದರೆ ಇನ್ನೊಂದು ಕಾಲಿನ ಅಂಚು ಹಿಡಿದುಕೊಳ್ಳುತ್ತದೆ. ಬೋರ್ಡಿಗೆ ಒಂದು ಸಲಕ್ಕೆ ಒಂದೇ ಅಂಚು. ಹಿಮ್ಮಡಿ ಕಡೆಯ ಅಂಚಿನಲ್ಲಿದ್ದಾಗ ಕೆಳಗೆ ಕರಕರ ಅಂತ ಕೆರೆಯುವ ಸದ್ದು ಶುರುವಾಗುತ್ತದೆ, ಆಮೇಲೆ ಸದ್ದು ನಿಲ್ಲುತ್ತದೆ, ಅಷ್ಟರಲ್ಲಿ ನೀವು ಕೂತಿರುತ್ತೀರಿ. ಇದಕ್ಕಿಂತ ಕೆಟ್ಟದ್ದು ತಪ್ಪು ಅಂಚು ಸಿಕ್ಕಿಕೊಳ್ಳುವುದು. ಒದ್ದಾಡಲೂ ಸಮಯ ಸಿಗದ ಹಾಗೆ ಬಿಸಾಡುತ್ತದೆ. ಬೋರ್ಡಿನವರಿಗೆ ಮಣಿಕಟ್ಟಿನ ಪೆಟ್ಟು ಜಾಸ್ತಿ, ಸ್ಕೀಯವರಿಗೆ ಮಂಡಿಯದು. ಮಣಿಕಟ್ಟಿಗೆ ಗಾರ್ಡ್, ತಲೆಗೆ ಹೆಲ್ಮೆಟ್ ಹಾಕಿಯೇ ಇಳಿಯಿರಿ. ಸ್ಕೀಯಾದರೆ ಬೈಂಡಿಂಗನ್ನು, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯನ್ನು, ನಿಮ್ಮ ತೂಕ, ಮಟ್ಟ ಹೇಳಿ ಸರಿಯಾಗಿ ಹೊಂದಿಸಿಕೊಳ್ಳಿ. ಬಿದ್ದಾಗ ಅದು ಬಿಚ್ಚಿಕೊಳ್ಳಬೇಕು.

ಮೊಗಲ್‌ಗಳು, ಅಂದರೆ ಜನ ತಿರುಗಿ ತಿರುಗಿ ಆದ ಹಿಮದ ಗುಪ್ಪೆಗಳು, ಸ್ಕೀಗೇ ಸೇರಿದ್ದು. ಬೋರ್ಡಿನಲ್ಲಿ ಎರಡು ಸಲ ಇಳಿದೆ, ಮೂರನೆಯದು ಬೇಡ ಅನ್ನಿಸಿತು.

ಐದನೇ ರಾತ್ರಿ ಚೆನ್ನಾಗಿ ಹಿಮ ಬಿತ್ತು. ಆರನೇ ದಿನ ಬೋರ್ಡಿನ ಪಾಳಿ. ಹಿಂದಿನ ಎರಡು ದಿನ ಪಟ್ಟ ಪಾಡೆಲ್ಲ ಮರೆತುಹೋಯಿತು ನೋಡಿ! ಹಲಗೆ ಅಗಲ ಇರುವುದರಿಂದ ಮೆತ್ತಗಿನ ಹಿಮದಲ್ಲಿ ಮುಳುಗದೆ ತೇಲುತ್ತದೆ. ಭಾರವನ್ನು ಹಿಂದಿನ ಕಾಲಿನ ಕಡೆ ಸ್ವಲ್ಪ ಬಿಟ್ಟರೆ ಬೋರ್ಡಿನ ಮುಂದಿನ ತುದಿ ತಾನಾಗಿ ಮೇಲೆ ಬರುತ್ತದೆ, ಸದ್ದೇ ಇಲ್ಲ, ತಿರುಗಿದಾಗ ಹಿಮದ ಪುಡಿ ಎದೆವರೆಗೆ ಹಾರುತ್ತದೆ. ನಾನು ತಂದಿದ್ದ ಸ್ಕೀ ಕಿರಿದು, ನಡುಭಾಗದ ಅಗಲ 78 ಮಿಲಿಮೀಟರ್. ಇಂಥ ಹಿಮದಲ್ಲಿ ಅದರ ತುದಿ ಒಳಗೆ ಚುಚ್ಚಿಕೊಳ್ಳುತ್ತದೆ, ತೊಡೆ ಉರಿಯುತ್ತದೆ. 100 ಮಿಲಿಮೀಟರ್ ದಾಟಿದ ಅಗಲದ ಸ್ಕೀ ಸಿಕ್ಕರೆ ಈ ಅಂತರ ತುಂಬಾ ಕಡಿಮೆಯಾಗುತ್ತದೆ, ಅದನ್ನೂ ಹೇಳಲೇಬೇಕು.

ಮರಗಳ ನಡುವೆ ನುಗ್ಗುವವರಿಗೆ ಒಂದು ಮಾತು. ಪೈನ್‌ನಂಥ ಸೂಚಿಪರ್ಣಿ ಮರಗಳ ಬುಡದ ಸುತ್ತ ಹಿಮ ಸಡಿಲವಾಗಿ ಗುಂಡಿಯಾಗಿರುತ್ತದೆ, ಕೊಂಬೆಗಳು ಮುಚ್ಚಿರುವುದರಿಂದ ಕಾಣುವುದಿಲ್ಲ. ತಲೆಕೆಳಗಾಗಿ ಬಿದ್ದರೆ ಉಸಿರುಗಟ್ಟುತ್ತದೆ. ಸ್ಕೀಯೋ ಬೋರ್ಡೋ, ಜೊತೆಗಾರ ಕಣ್ಣಳತೆಯಲ್ಲಿ ಇರಲೇಬೇಕು. ಗುರುತಿನ ಗಡಿ ದಾಟಿ ಹೊರಗೆ ಹೋಗುವುದಂತೂ ಬೇರೆಯೇ ವಿಷಯ. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆಗುತ್ತವೆ, ನಮಗೆ ಇಳಿಯಲು ಆಸೆಯಾಗುವುದೂ ಅಲ್ಲೇ. ತರಬೇತಿ ಇಲ್ಲದೆ ಸುಮ್ನೆ ಬೇರೆಯವರ ಜಾಡು ಹಿಡಿದು ಹೋಗಬೇಡಿ.

ಲಿಫ್ಟಿನ ಲೆಕ್ಕದಲ್ಲಿ ಸ್ಕೀ ಸುಲಭ. ಟಿ-ಬಾರ್, ಅಂದರೆ ನಿಂತವರನ್ನು ಹಿಮದ ಮೇಲೇ ಎಳೆದೊಯ್ಯುವ ಲಿಫ್ಟ್, ಜಾಸ್ತಿ ಇರುವ ಬೆಟ್ಟವಾದರೆ ಬೋರ್ಡಿನವರಿಗೆ ಪ್ರತಿ ಸಲವೂ ಕಷ್ಟ, ಒಂದು ಪಕ್ಕಕ್ಕೆ ತಿರುಗಿ ನಿಂತೇ ಮೇಲೆ ಎಳೆಸಿಕೊಳ್ಳಬೇಕು. ಇನ್ನು ಕೆಲವು ಕಡೆ ಬೋರ್ಡಿಗೆ ಪ್ರವೇಶವೇ ಇಲ್ಲ. 1998ರಲ್ಲೇ ನಾಗಾನೊ ಒಲಿಂಪಿಕ್ಸಿಗೆ ಸೇರಿದ ಆಟ, ಆದರೂ ಅಮೆರಿಕದ ಆಲ್ಟಾ, ಡೀರ್ ವ್ಯಾಲಿ, ಮ್ಯಾಡ್ ರಿವರ್ ಗ್ಲೆನ್‌ಗಳಲ್ಲಿ ಸ್ಕೀಗೆ ಮಾತ್ರ ಅವಕಾಶ. ಇದು ನನಗೆ ಸರಿ ಕಾಣುವುದಿಲ್ಲ.

ನನ್ನ ಆಯ್ಕೆ ಕೇಳಿದರೆ, ಇಡೀ ಬೆಟ್ಟ ಸುತ್ತಬೇಕು, ಹಿಮ ಹೇಗಿದೆಯೋ ಗೊತ್ತಿಲ್ಲ ಅನ್ನುವ ದಿನ ಸ್ಕೀ. ರಾತ್ರಿಯೆಲ್ಲ ಹಿಮ ಬಿದ್ದಿದ್ದರೆ ಬೋರ್ಡ್, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ಸಲ ನನ್ನದನ್ನು ಹೊತ್ತೊಯ್ಯುವುದಿಲ್ಲ. ಬೆಳಿಗ್ಗೆ ಎದ್ದು ಕಿಟಕಿಯಿಂದ ಹಿಮ ನೋಡಿ, ಆಮೇಲೆ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ.