ಆಧಾರ್ ನಂಬಿಕೊಂಡು ಭೂತಾನ್‌ಗೆ ಹೊರಡಬೇಡಿ

ಬೆಂಗಳೂರಿನಿಂದ ಪಶ್ಚಿಮ ಬಂಗಾಳದ ಬಾಗ್ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಗಡಿಯಂಚಿನ ಜೈಗಾಂವ್‌ಗೆ ಸುಮಾರು ನಾಲ್ಕು ಗಂಟೆ ಟ್ಯಾಕ್ಸಿ. ಗೇಟ್ ದಾಟಿದರೆ ಭೂತಾನ್‌ನ ಗಡಿ ಪಟ್ಟಣ ಫುಂಟ್‌ಶೋಲಿಂಗ್. ಮನೆಮಂದಿಯೆಲ್ಲ ಪರ್ಮಿಟ್ ಕೌಂಟರಿನ ಮುಂದೆ ನಿಂತು ಆಧಾರ್ ಕೊಡುತ್ತಾರೆ, ಕಾರ್ಡ್ ಕೊಟ್ಟ ಹಾಗೇ ವಾಪಸ್ ಬರುತ್ತದೆ. ಹೋಟೆಲ್ ಮುಂಗಡ, ಗಾಡಿ ಬಾಡಿಗೆ ಎಲ್ಲ ಹೋಯಿತು. "ಆಧಾರ್ ಸಾಕು ಸಾರ್, ನಾವು ನೋಡ್ಕೋತೀವಿ" ಎಂದಿದ್ದ ಏಜೆಂಟ್ ಆಮೇಲೆ ಫೋನ್ ಎತ್ತುವುದಿಲ್ಲ.

ಭಾರತೀಯರಿಗೆ ಭೂತಾನ್‌ಗೆ ವೀಸಾ ಬೇಡ, ನಿಜ. ಆದರೆ ಎಂಟ್ರಿ ಪರ್ಮಿಟ್ ಬೇಕೇ ಬೇಕು. ಅದಕ್ಕೆ ನಡೆಯುವುದು ಎರಡೇ ದಾಖಲೆ: ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಇಲ್ಲವೇ ವೋಟರ್ ಐಡಿ. ಹೆಚ್ಚು ಪೆಟ್ಟು ತಿನ್ನುವವರು ಕಾಲೇಜು ಮಕ್ಕಳಿರುವ ಮನೆಯವರು. ಹುಡುಗನಿಗೆ ಹದಿನೆಂಟು ತುಂಬಿರುತ್ತದೆ, ಜನನ ಪ್ರಮಾಣಪತ್ರ ನಡೆಯುವುದಿಲ್ಲ. ವೋಟರ್ ಐಡಿ ಇನ್ನೂ ಮಾಡಿಸಿರುವುದಿಲ್ಲ, ಪಾಸ್‌ಪೋರ್ಟೂ ಇರುವುದಿಲ್ಲ. ಎರಡರಲ್ಲಿ ಒಂದು ಕೈಗೆ ಬರುವ ತನಕ ದಯವಿಟ್ಟು ಟಿಕೆಟ್ ಮಾಡಬೇಡಿ. ಹದಿನೆಂಟರೊಳಗಿನ ಮಕ್ಕಳಿಗೆ ಜನನ ಪ್ರಮಾಣಪತ್ರ ಸಾಕು, ಆದರೆ ಅದು ಇಂಗ್ಲಿಷಿನಲ್ಲಿರಬೇಕು. ನಿಮ್ಮ ಬಳಿ ಇರುವುದು ಬರೀ ಕನ್ನಡದ ಹಳೆಯ ಪತ್ರವಾದರೆ ಮೊದಲೇ ಹೊಸ ಪ್ರತಿ ತೆಗೆಸಿ.

ನಮ್ಮವರಿಗೆ ಇನ್ನೊಂದು ತೊಡಕು ಇನಿಷಿಯಲ್‌ದು. ವೋಟರ್ ಐಡಿಯಲ್ಲಿ ಬರೀ ಹೆಸರು, ವಿಮಾನದ ಟಿಕೆಟ್‌ನಲ್ಲಿ ಅಪ್ಪನ ಹೆಸರೂ ಸೇರಿ ಉದ್ದ. ಯಾವ ದಾಖಲೆ ತೋರಿಸುತ್ತೀರೋ ಅದರಲ್ಲಿರುವಂತೆಯೇ ಟಿಕೆಟ್, ಹೋಟೆಲ್, ಪರ್ಮಿಟ್ ಅರ್ಜಿ ಮೂರರಲ್ಲೂ ಬರೆಸಿ.

ಇನ್ನು ದುಡ್ಡು. 2022ರ ಸೆಪ್ಟೆಂಬರ್‌ನಲ್ಲಿ ಗಡಿ ಮತ್ತೆ ತೆರೆದಾಗಿನಿಂದ ಭಾರತೀಯರೂ ಎಸ್‌ಡಿಎಫ್ (ಸುಸ್ಥಿರ ಅಭಿವೃದ್ಧಿ ಶುಲ್ಕ) ಎಂಬ ಪ್ರವಾಸಿ ಶುಲ್ಕ ಕಟ್ಟಬೇಕು: ತಲೆಗೆ, ರಾತ್ರಿಗೆ 1,200 ರೂಪಾಯಿ. 6ರಿಂದ 12 ವರ್ಷದವರಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಗಂಡ, ಹೆಂಡತಿ, ಹತ್ತು ವರ್ಷದ ಮಗಳು ಐದು ರಾತ್ರಿ ಉಳಿದರೆ 15,000 ರೂಪಾಯಿ. ಅಗ್ಗದ ಪ್ಯಾಕೇಜುಗಳು ಇದನ್ನು ಬಿಟ್ಟೇ ದರ ಹೇಳುತ್ತವೆ. ಎಸ್‌ಡಿಎಫ್ ಸೇರಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಈ ಶುಲ್ಕ ಅಲ್ಲಿನ ಉಚಿತ ಶಿಕ್ಷಣ, ಆರೋಗ್ಯ ಸೇವೆಗಳಿಗೂ ಹೋಗುತ್ತದೆ, ತಪ್ಪಿಸಿಕೊಳ್ಳುವ ದಾರಿ ಹುಡುಕುವುದು ಸರಿಯಲ್ಲ. ಥಿಂಪು, ಪಾರೊ ಬಿಟ್ಟು ಪುನಾಖಾ ಕಡೆ ಹೋಗುವುದಾದರೆ ಪರವಾನಗಿ ಪಡೆದ ಗೈಡ್ ಬೇಕು. ಭೂತಾನ್ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿದೆ, ಪರ್ಮಿಟ್ ಕಚೇರಿಗೆ ಹೋಗುವಾಗ ನೆನಪಿರಲಿ.

ಒಳಗೆ ಹೋದಮೇಲಿನ ತಪ್ಪುಗಳು ಇನ್ನೂ ದುಬಾರಿ. 2019ರಲ್ಲಿ ದೋಚುಲಾ ಕಣಿವೆಮಾರ್ಗದಲ್ಲಿ ನಮ್ಮ ದೇಶದ ಬೈಕ್ ಸವಾರನೊಬ್ಬ ಫೋಟೊಗಾಗಿ ಚೋರ್ಟೆನ್ (ಬೌದ್ಧ ಸ್ತೂಪ) ಹತ್ತಿ ನಿಂತ. ಪಾಸ್‌ಪೋರ್ಟ್ ವಶಕ್ಕೆ ಹೋಯಿತು, ಕ್ಷಮೆ ಕೇಳಬೇಕಾಯಿತು. ಅಲ್ಲಿರುವ 108 ಚೋರ್ಟೆನ್‌ಗಳು ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಕಟ್ಟಿದವು. ಸುತ್ತುವುದಾದರೆ ನಮ್ಮ ದೇವಸ್ಥಾನದ ಪ್ರದಕ್ಷಿಣೆಯಂತೆ ಬಲಗಡೆಯಿಂದ, ಮೇಲೆ ಹತ್ತದೆ.

ಪಾರೊ ಬಳಿಯ ಬಂಡೆಯಂಚಿನ ತಕ್‌ತ್ಸಾಂಗ್ (ಟೈಗರ್ಸ್ ನೆಸ್ಟ್) ಮಠ ಇರುವುದು 3,120 ಮೀಟರ್ ಎತ್ತರದಲ್ಲಿ, ಹತ್ತಲು ಎರಡು ಮೂರು ಗಂಟೆ ಬೇಕು. ಭೂತಾನ್ ತಲುಪಿದ ಮರುದಿನವೇ ಹೊರಟವರಿಗೆ ಅರ್ಧ ದಾರಿಯಲ್ಲೇ ತಲೆನೋವು, ಏದುಸಿರು ಶುರುವಾಗಬಹುದು. ಅದನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಒಳಗೆ ತುಂಬುತೋಳು, ಉದ್ದ ಪ್ಯಾಂಟ್ ಕಡ್ಡಾಯ, ಟೋಪಿ ಇಲ್ಲ. ಚೀಲ, ಮೊಬೈಲ್ ಎಲ್ಲ ಬಾಗಿಲಲ್ಲೇ ಲಾಕರಿನಲ್ಲಿಡಬೇಕು, ಆದ್ದರಿಂದ ತುಂಬುತೋಳಿನ ಅಂಗಿಯನ್ನು ಅದಕ್ಕೂ ಮೊದಲೇ ಚೀಲದಿಂದ ಹೊರತೆಗೆದು ತೊಟ್ಟುಕೊಳ್ಳಿ.